ಸಹಾಯ ಬೇಕು: ವಾರಸುದಾರರಿಲ್ಲದ ಅಜ್ಜನನ್ನು ಮಣ್ಣು ಮಾಡುವುದು ಹೇಗೆ?

ವಿಜಯಪುರದ ಬಸ್ ನಿಲ್ದಾಣದ ಬಳಿ ಚಹಾ ಅಂಗಡಿಗಳಿಗೆ ನೀರು ಹೊರುತ್ತಿದ್ದ ಅಜ್ಜ ತೀರಿಕೊಂಡಿದ್ದಾರೆ. ಜೇಬಿನಲ್ಲಿ ಸಿಕ್ಕಿದ್ದು ಸುಣ್ಣದ ಡಬ್ಬಿ, ಅರ್ಧ ಹರಿದ ಬಸ್ ಟಿಕೆಟ್ ಅಷ್ಟೇ. ಊರು, ಜಾತಿ ಯಾರಿಗೂ ಗೊತ್ತಿಲ್ಲ. ಶವ ಶವಾಗಾರದಲ್ಲಿದೆ, ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸಿದ್ದಾರೆ, ಮರಣೋತ್ತರ ಪರೀಕ್ಷೆಯೂ ಮುಗಿದಿದೆ.

ಮಣ್ಣಿನ ಖರ್ಚು ನಾವು ಅಂಗಡಿಯವರೇ ಹಾಕುತ್ತೇವೆ. ಆದರೆ ಹೋದ ಸ್ಮಶಾನದಲ್ಲೆಲ್ಲ ಮೊದಲ ಪ್ರಶ್ನೆ, ‘ಯಾವ ಸಮಾಜದವರು?’ ಸತ್ತವರಿಗೆ ಆರಡಿ ನೆಲ ಕೊಡಲು ಇದನ್ನು ಕೇಳಬೇಕೇ? ಠಾಣೆಯವರು ಪಾಲಿಕೆಗೆ ಹೋಗಿ ಎನ್ನುತ್ತಾರೆ, ಪಾಲಿಕೆಯವರು ಠಾಣೆಯ ಪತ್ರ ತನ್ನಿ ಎನ್ನುತ್ತಾರೆ. ವಾರಸುದಾರರಿಲ್ಲದ ಶವವನ್ನು 1957ರ ಅಂಗರಚನಾ ಕಾಯ್ದೆಯಡಿ ವೈದ್ಯಕೀಯ ಕಾಲೇಜಿಗೆ ಕೊಡಬಹುದು ಎಂಬ ಆತಂಕ ಬೇರೆ.

ರಕ್ತಸಂಬಂಧಿಗಳಲ್ಲದ ನಾವು ಶವ ಪಡೆಯಲು ಯಾರಿಗೆ ಅರ್ಜಿ ಕೊಡಬೇಕು? ಜಾತಿ ಕೇಳದ ಸಾರ್ವಜನಿಕ ಸ್ಮಶಾನ ನಗರದಲ್ಲಿ ಎಲ್ಲಿದೆ? ಇಂಥ ಕೆಲಸ ಮಾಡಿದವರು ದಯವಿಟ್ಟು ಬೇಗ ತಿಳಿಸಿ.