ಬಿಪಿ ಮಾತ್ರೆ ಡೋಸ್ ಏರಿಸಿದ ಮೇಲೆ ಅಮ್ಮನ ಕಾಲು ಊದಿಕೊಳ್ಳುತ್ತಿದೆ

ಪ್ರಶ್ನೆ:
ಅಮ್ಮನಿಗೆ 62 ವರ್ಷ. ಬಿಪಿಗೆ ಅಮ್ಲೋಡಿಪಿನ್ 5 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದರು, ಮೂರು ವಾರದ ಹಿಂದೆ ಡಾಕ್ಟರ್ ಅದನ್ನು 10 ಮಾಡಿದರು. ಈಗ ಸಂಜೆ ಆಯಿತೆಂದರೆ ಎರಡೂ ಪಾದ ಊದಿಕೊಂಡು ಚಪ್ಪಲಿ ಬಿಗಿಯಾಗುತ್ತದೆ, ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಬೆಳಿಗ್ಗೆ ಇಳಿದಿರುತ್ತದೆ. ಕಿಡ್ನಿ ಏನಾದರೂ ಕೆಟ್ಟಿದೆಯಾ ಅಂತ ಭಯ. ಮಾತ್ರೆ ಬಿಟ್ಟುಬಿಡ್ತೀನಿ ಅಂತ ಹಟ ಮಾಡುತ್ತಿದ್ದಾರೆ. ಏನು ಮಾಡಲಿ?

ಉತ್ತರ 1:
ಬಿಡಿಸಬೇಡಿ, ಬಿಪಿ ಮತ್ತೆ ಏರುತ್ತದೆ. ನನಗೂ 10ಕ್ಕೆ ಹೋದಾಗ ಹೀಗೇ ಆಗಿತ್ತು. ಡಾಕ್ಟರ್ ಅದನ್ನು 5ಕ್ಕೆ ಇಳಿಸಿ ಟೆಲ್ಮಿಸಾರ್ಟಾನ್ ಅನ್ನೋ ಇನ್ನೊಂದು ಬಿಪಿ ಮಾತ್ರೆ ಸೇರಿಸಿದರು, ಆಮೇಲೆ ಊತ ನಿಧಾನವಾಗಿ ಇಳಿಯಿತು.

ಉತ್ತರ 2:
ನಾನು ಫಾರ್ಮಸಿಸ್ಟ್. ಈ ಮಾತ್ರೆ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸುತ್ತದೆ, ವಾಪಸ್ ಒಯ್ಯುವ ನಾಳಗಳು ಅಷ್ಟಾಗಿ ಹಿಗ್ಗುವುದಿಲ್ಲ. ನಡುವೆ ಒತ್ತಡ ಜಾಸ್ತಿಯಾಗಿ ನೀರು ಹೊರಗೆ ಜಿನುಗುತ್ತದೆ, ದಿನವಿಡೀ ನಿಂತು ಕೂತು ಮಾಡುವುದರಿಂದ ಅದು ಪಾದಕ್ಕೇ ಇಳಿಯುತ್ತದೆ. ಅದಕ್ಕೇ ಮೂತ್ರ ಹೋಗಿಸುವ ಮಾತ್ರೆ ಕೊಟ್ಟರೂ ಈ ಊತಕ್ಕೆ ಅಷ್ಟೇನೂ ಉಪಯೋಗವಿಲ್ಲ (ಎಷ್ಟೋ ಜನ ಊತಕ್ಕೆ ಅಂತ ಇನ್ನೊಂದು ಮಾತ್ರೆ ನುಂಗುತ್ತಿರುತ್ತಾರೆ, ಪಾಪ). ಬೇರೆ ಏನೇನು ತೆಗೆದುಕೊಳ್ಳುತ್ತಾರೆ ಹೇಳಿ. ಸಕ್ಕರೆ ಕಾಯಿಲೆಗೆ ಪಯೋಗ್ಲಿಟಜೋನ್, ನರದ ನೋವಿಗೆ ಪ್ರೆಗಾಬಾಲಿನ್, ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್, ಇವುಗಳಲ್ಲೂ ಊತ ಬರುತ್ತದೆ. ನೋವಿನ ಮಾತ್ರೆ ಇದೆಯಾ?

ಕೇಳಿದವರು:
ಸಕ್ಕರೆ ಕಾಯಿಲೆ ಇಲ್ಲ. ಮಂಡಿ ನೋವಿಗೆ ಐಬುಪ್ರೊಫೆನ್ ಯಾವಾಗಲಾದರೊಮ್ಮೆ ಅಂದಿದ್ದರು, ಈಗ ಡಬ್ಬಿ ತೆಗೆದು ನೋಡಿದರೆ ಖಾಲಿ ಪಟ್ಟಿಗಳೇ ಎಂಟು! ದಿನಾ ಎರಡು ನುಂಗುತ್ತಿದ್ದರಂತೆ, ಡಾಕ್ಟರಿಗೂ ಹೇಳಿಲ್ಲ.

ಉತ್ತರ 2:
ಅದನ್ನೇ ಮೊದಲು ಡಾಕ್ಟರಿಗೆ ಹೇಳಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯವು ಕಿಡ್ನಿ ಉಪ್ಪು ನೀರು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತವೆ, ಬಿಪಿಯನ್ನೂ ಏರಿಸುತ್ತವೆ. 5 ಮಿ.ಗ್ರಾಂ ಸಾಲದೆ ಹೋಗಿದ್ದೇ ಅದರಿಂದ ಇರಬಹುದು ಅಲ್ವಾ? ಪಟ್ಟಿಗಳನ್ನೆಲ್ಲ ಕವರಲ್ಲಿ ಹಾಕಿಕೊಂಡೇ ಹೋಗಿ, ಕಿಡ್ನಿಗೆ ಕ್ರಿಯಾಟಿನಿನ್ ಪರೀಕ್ಷೆ ಬೇಕಾ ಅಂತಲೂ ಕೇಳಿ.

ಉತ್ತರ 3:
ಒಂದೇ ಕಾಲು ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ಮಲಗಿದಾಗ ಉಸಿರಾಡಲು ಕಷ್ಟವಾದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.

ಕೇಳಿದವರು:
ಉಸಿರಿನ ತೊಂದರೆ ಇಲ್ಲ. ನಾಳೆ ಬೆಳಿಗ್ಗೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಪಟ್ಟಿಗಳನ್ನು ಕವರಿಗೆ ಹಾಕುತ್ತಿದ್ದೇನೆ, ಅಮ್ಮ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಾರೆ.