ಬ್ಲ್ಯಾಕ್ ಹುಡುಗರಿಗೆ ಮೆಂಟರ್ ಆಗಲು ಕರೆದಿದ್ದಾರೆ, ಹೋಗಿ ಏನು ಮಾಡಲಿ?

ಈ ವಾರದ ಪ್ರಶ್ನೋತ್ತರ. ಉತ್ತರಿಸುವವರು ಅಮೆರಿಕದ ಜಾರ್ಜಿಯಾದಲ್ಲಿ ಸರ್ಕಾರಿ ಹೈಸ್ಕೂಲೊಂದರ ಕೌನ್ಸೆಲರ್ ಆಗಿರುವ ನಮ್ಮ ಸದಸ್ಯೆ.

ಪ್ರಶ್ನೆ (ಅಟ್ಲಾಂಟಾ): ನಮಸ್ಕಾರ ಮೇಡಂ. ನಮ್ಮ ಕಂಪನಿಯವರು ಇಲ್ಲೇ ಹತ್ತಿರದ ಹೈಸ್ಕೂಲಿನ ಬ್ಲ್ಯಾಕ್ ಹುಡುಗರಿಗೆ ಲೀಡರ್‌ಶಿಪ್ ಕಾರ್ಯಕ್ರಮ ಶುರು ಮಾಡಿದ್ದಾರೆ. ನನ್ನನ್ನೂ ಮೆಂಟರ್ ಆಗಿ ಅಂತ ಕೇಳಿದ್ದಾರೆ. ಒಂದು ಭಾಷಣ ಬರೆದಿಟ್ಟುಕೊಂಡಿದ್ದೇನೆ. ದಾವಣಗೆರೆ ಕಡೆಯ ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿ ಇಲ್ಲಿಯವರೆಗೆ ಬಂದ ಕಥೆ, ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು ಅನ್ನುವ ಮಾತು. ಇಷ್ಟು ಸಾಕಲ್ವಾ?

ಉತ್ತರ: ನಮಸ್ಕಾರ ಸರ್. ಖಂಡಿತ ಹೋಗಿ. ಭಾಷಣ ಮಾತ್ರ ಬೇಡ.

ನಿಮ್ಮ ಕಷ್ಟ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ನಾವು ಡಿಗ್ರಿ ಮುಗಿಸಿ, ವೀಸಾ ಹಿಡಿದು, ಆಯ್ಕೆಯಾಗಿ ಬಂದವರು. ಆ ಹುಡುಗರ ಮನೆಯವರ ಕಥೆ ಬೇರೆ. ಅಟ್ಲಾಂಟಾದ ಬಿಳಿಯರ ಶಾಲೆಗಳಿಗೆ ಮೊದಲ ಸಲ ಬ್ಲ್ಯಾಕ್ ವಿದ್ಯಾರ್ಥಿಗಳು ಕಾಲಿಟ್ಟಿದ್ದು 1961ರಲ್ಲಿ, ಅದೂ ಬರೀ ಒಂಬತ್ತು ಮಂದಿ. ಈ ಹುಡುಗರ ಅಜ್ಜ ಅಜ್ಜಿಯರ ಕಾಲದ ಮಾತು ಅದು. ಇನ್ನೊಂದು ವಿಷಯ. ನಮ್ಮಂಥವರಿಗೆ ಇಲ್ಲಿನ ಬಾಗಿಲು ತೆರೆದಿದ್ದು 1965ರ ವಲಸೆ ಕಾಯ್ದೆ. ಅದು ಬಂದಿದ್ದು 1964ರ ನಾಗರಿಕ ಹಕ್ಕು ಕಾಯ್ದೆಯ ಬೆನ್ನಿಗೇ, ಸಮಾನ ಹಕ್ಕಿಗಾಗಿ ಬ್ಲ್ಯಾಕ್ ಜನ ನಡೆಸಿದ ಚಳವಳಿಯ ಬಿಸಿಯಲ್ಲಿ. ಅಂದರೆ ಅವರ ಹಿರಿಯರು ಪೆಟ್ಟು ತಿಂದಿದ್ದರಿಂದ ನಮಗೂ ಲಾಭವಾಗಿದೆ. ಅವರ ಮುಂದೆ ನಿಂತು 'ನನ್ನನ್ನು ನೋಡಿ ಕಲಿಯಿರಿ' ಅಂದರೆ ಹುಡುಗರು ಫೋನ್ ತೆಗೆಯುತ್ತಾರೆ. ನಾನಾಗಿದ್ದರೂ ತೆಗೆಯುತ್ತಿದ್ದೆ.

ಭಾಷಣಕ್ಕಿಂತ ಮುಖ್ಯವಾದ ಪ್ರಶ್ನೆ, ನೀವು ಎಷ್ಟು ದಿನ ಇರುತ್ತೀರಿ ಅನ್ನುವುದು. ಒಂದು ಮಗುವಿಗೆ ಒಬ್ಬ ದೊಡ್ಡವರನ್ನು ಮೆಂಟರ್ ಆಗಿ ಜೋಡಿಸುವ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ ಜೋಡಿಗಳ ಬಗ್ಗೆ 2002ರಲ್ಲಿ ಒಂದು ಅಧ್ಯಯನ ಬಂತು. ಒಂದು ವರ್ಷ ಮತ್ತು ಅದಕ್ಕಿಂತ ಜಾಸ್ತಿ ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳ ಒಳಗೇ ಮೆಂಟರ್ ಕೈಬಿಟ್ಟ ಮಕ್ಕಳಿಗೆ ತಮ್ಮ ಮೇಲೆ ಇದ್ದ ಗೌರವವೂ ಕುಸಿದಿತ್ತು. ಪ್ರಾಜೆಕ್ಟ್ ಬದಲಾಗುತ್ತದೆ, ಊರು ಬದಲಾಗುತ್ತದೆ ಅನ್ನುವ ಪರಿಸ್ಥಿತಿ ಇದ್ದರೆ ಈ ವರ್ಷ ಒಪ್ಪಿಕೊಳ್ಳಬೇಡಿ.

ಅದೇ ಸದಸ್ಯರು: ಒಂದು ವರ್ಷ ಇರುತ್ತೇನೆ ಮೇಡಂ. ಆದರೆ ಭಾಷಣ ಇಲ್ಲ ಅಂದರೆ ಅಲ್ಲಿ ಕೂತು ಮಾಡುವುದೇನು?

ಉತ್ತರ: ಷಿಕಾಗೊದಲ್ಲಿ 2001ರಲ್ಲಿ 'ಬಿಕಮಿಂಗ್ ಎ ಮ್ಯಾನ್' ಅಂತ ಒಂದು ಕಾರ್ಯಕ್ರಮ ಶುರುವಾಯಿತು. ಬಡ ಬಡಾವಣೆಗಳ ಶಾಲೆಗಳಲ್ಲಿ ವಾರಕ್ಕೊಮ್ಮೆ ಹುಡುಗರು ದುಂಡಗೆ ಕೂರುತ್ತಾರೆ. ಹೆಚ್ಚಿನವರು ಬ್ಲ್ಯಾಕ್ ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಹುಡುಗರು. ಮೊದಲ ಆಟ ಹೀಗಿದೆ: ಇಬ್ಬಿಬ್ಬರ ಜೋಡಿ, ಒಬ್ಬನ ಮುಷ್ಟಿಯಲ್ಲಿ ಚೆಂಡು, ಇನ್ನೊಬ್ಬನಿಗೆ ಅದನ್ನು ತೆಗೆದುಕೊಳ್ಳಲು 30 ಸೆಕೆಂಡು. ಎಲ್ಲರೂ ಎಳೆದಾಡುತ್ತಾರೆ, ಬೆರಳು ಬಿಡಿಸುತ್ತಾರೆ. ಆಮೇಲೆ ಕೌನ್ಸೆಲರ್ ಕೇಳುತ್ತಾರೆ, 'ಚೆಂಡು ಕೊಡು ಅಂತ ಯಾರೂ ಕೇಳಲಿಲ್ಲವಲ್ಲ, ಯಾಕೆ?' (ಕನ್ನಡ ಸಂಘದ ಪಿಕ್ನಿಕ್‌ನಲ್ಲಿ ಆಡಿಸಿ ನೋಡಿ. ನಮ್ಮ ಪದಾಧಿಕಾರಿಗಳೂ ಗುದ್ದಾಡುತ್ತಾರೆ.)

ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಚೀಟಿ ಎತ್ತಿದ ಹಾಗೆ ಹುಡುಗರನ್ನು ಆರಿಸಿ ಎರಡು ಸಲ ಪರೀಕ್ಷಿಸಿದರು. ಕಾರ್ಯಕ್ರಮ ನಡೆಯುತ್ತಿದ್ದಾಗ ಹಿಂಸೆಯ ಕೇಸುಗಳಲ್ಲಿ ಬಂಧನ ಶೇ. 45ರಿಂದ 50ರಷ್ಟು ಇಳಿಯಿತು. ಮೊದಲ ಗುಂಪಿನಲ್ಲಿ ಹೈಸ್ಕೂಲ್ ಮುಗಿಸಿದವರ ಪ್ರಮಾಣವೂ ಏರಿತು. ಆದರೆ ಕಾರ್ಯಕ್ರಮ ನಿಂತ ಮೇಲೆ ಬಂಧನದ ಲೆಕ್ಕದಲ್ಲಿ ಆ ಲಾಭ ಉಳಿಯಲಿಲ್ಲ. ಪ್ರಚಾರದ ವಿಡಿಯೊಗಳಲ್ಲಿ ಇದನ್ನು ಹೇಳುವುದಿಲ್ಲ. ನಾನು ವರ್ಷ ವರ್ಷ ಅಂತ ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ (ನ್ಯೂಜೆರ್ಸಿ): ಸ್ವಲ್ಪ ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಬ್ಲ್ಯಾಕ್ ಹುಡುಗರಿಗೇ ಯಾಕೆ ಪ್ರತ್ಯೇಕ ಕಾರ್ಯಕ್ರಮ? ಹುಡುಗಿಯರು ಇಲ್ಲವೇ?

ಉತ್ತರ: ಹುಡುಗಿಯರ ವಿಷಯ ಸರಿಯಾಗಿ ಕೇಳಿದಿರಿ. 2012ರಲ್ಲಿ 17 ವರ್ಷದ ಬ್ಲ್ಯಾಕ್ ಹುಡುಗ ಟ್ರೇವಾನ್ ಮಾರ್ಟಿನ್ ಗುಂಡೇಟಿಗೆ ಸತ್ತ. ಗುಂಡು ಹಾರಿಸಿದವನು ಮರುವರ್ಷ ಖುಲಾಸೆಯಾದ. 2014ರ ಫೆಬ್ರುವರಿಯಲ್ಲಿ ಒಬಾಮಾ ಇಂಥ ಹುಡುಗರಿಗಾಗಿ 'ಮೈ ಬ್ರದರ್ಸ್ ಕೀಪರ್' ಅನ್ನುವ ಕಾರ್ಯಕ್ರಮ ಶುರು ಮಾಡಿದರು. ಅದೇ ವರ್ಷ ಕಾನೂನು ಪ್ರೊಫೆಸರ್ ಕಿಂಬರ್ಲೆ ಕ್ರೆನ್‌ಶಾ ಸೇರಿದಂತೆ ಸಾವಿರಕ್ಕೂ ಹೆಚ್ಚು ಮಹಿಳೆಯರು ಬಹಿರಂಗ ಪತ್ರ ಬರೆದು, ಅದೇ ಮನೆ, ಅದೇ ಬೀದಿಯಲ್ಲಿ ಬೆಳೆಯುವ ಹುಡುಗಿಯರನ್ನು ಯಾಕೆ ಬಿಟ್ಟಿರಿ ಅಂತ ಕೇಳಿದರು. ನನ್ನ ಪ್ರಕಾರ ಅವರು ಕೇಳಿದ್ದು ನ್ಯಾಯ.

ಪ್ರತ್ಯೇಕ ಯಾಕೆ ಅನ್ನುವುದಕ್ಕೆ ಒಂದೇ ಅಂಕಿ ಕೊಡುತ್ತೇನೆ. ಮೂರರಿಂದ ಐದನೇ ತರಗತಿಯೊಳಗೆ ಒಬ್ಬರಾದರೂ ಬ್ಲ್ಯಾಕ್ ಶಿಕ್ಷಕರು ಸಿಕ್ಕಿದರೆ, ತೀರಾ ಬಡ ಮನೆಯ ಬ್ಲ್ಯಾಕ್ ಹುಡುಗರು ಹೈಸ್ಕೂಲ್ ಬಿಡುವ ಸಾಧ್ಯತೆ ಶೇ. 39ರಷ್ಟು ಇಳಿಯುತ್ತದೆ. 2017ರ ಅಧ್ಯಯನ ಇದು. ಒಬ್ಬರು, ಒಂದು ವರ್ಷ, ಅಷ್ಟೇ. ಆದರೆ ಈ ದೇಶದ ಶಿಕ್ಷಕರಲ್ಲಿ ಬ್ಲ್ಯಾಕ್ ಗಂಡಸರು ನೂರಕ್ಕೆ ಇಬ್ಬರೂ ಸಿಗುವುದು ಕಷ್ಟ. ಇದಕ್ಕಾಗಿಯೇ ದಕ್ಷಿಣ ಕೆರೊಲಿನಾದ ಕ್ಲೆಮ್‌ಸನ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ 'ಕಾಲ್ ಮಿ ಮಿಸ್ಟರ್' ಅನ್ನುವ ಶಿಕ್ಷಕ ತರಬೇತಿ ಶುರುವಾಯಿತು. ನಾಯಕರನ್ನು ಬೆಳೆಸಬೇಕು ಅನ್ನುವ ಕಂಪನಿಗಳು ಇಂಥದ್ದಕ್ಕೆ ದುಡ್ಡು ಕೊಟ್ಟರೆ ಟೀ ಶರ್ಟ್ ಹಂಚುವುದಕ್ಕಿಂತ ಮೇಲು.

ಪ್ರಶ್ನೆ (ಮೈಸೂರು): ಅಕ್ಕಾ, ನನ್ನ ತಮ್ಮ ಅಟ್ಲಾಂಟಾದಲ್ಲಿದ್ದಾನೆ. ಅಲ್ಲಿ ಬ್ಲ್ಯಾಕ್ ಗಂಡುಮಕ್ಕಳಿಗಾಗಿಯೇ ಒಂದು ಹಳೇ ಕಾಲೇಜು ಇದೆ, ಮಾರ್ಟಿನ್ ಲೂಥರ್ ಕಿಂಗ್ ಅಲ್ಲೇ ಓದಿದ್ದು ಅಂದ. ಅದರ ಬಗ್ಗೆ ಹೇಳುತ್ತೀರಾ?

ಉತ್ತರ: ಮೋರ್‌ಹೌಸ್ ಕಾಲೇಜು ತಂಗಿ. ಮೈಸೂರಿನಿಂದಲೇ ಕೇಳಿದಿರಿ, ಖುಷಿಯಾಯಿತು. ಯಾಕೆ ಅಂತ ಹೇಳುತ್ತೇನೆ.

ಗುಲಾಮಗಿರಿ ಮುಗಿದ ಎರಡೇ ವರ್ಷಕ್ಕೆ, 1867ರಲ್ಲಿ, ಜಾರ್ಜಿಯಾದ ಆಗಸ್ಟಾ ಊರಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಅದು ಹುಟ್ಟಿತು. 1940ರಿಂದ 1967ರವರೆಗೆ ಬೆಂಜಮಿನ್ ಮೇಸ್ ಅದರ ಅಧ್ಯಕ್ಷರು. ಗುಲಾಮರಾಗಿ ಹುಟ್ಟಿದ ತಂದೆ ತಾಯಿಯ ಮಗ. ಈ ಮೇಸ್ ಅಲ್ಲಿಗೆ ಬರುವ ಮುಂಚೆ, 1937ರ ಜನವರಿಯಲ್ಲಿ, ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಮೈಸೂರಿಗೆ ಬಂದಿದ್ದರು. ಆಗಷ್ಟೇ ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡು ಅಹಿಂಸೆಯ ಬಗ್ಗೆ ಒಂದೂವರೆ ಗಂಟೆ ಮಾತಾಡಿದ್ದರು. ಮೈಸೂರಿನಲ್ಲಿ ಅಸ್ಪೃಶ್ಯ ಮಕ್ಕಳ ಶಾಲೆಯ ಹೆಡ್‌ಮಾಸ್ಟರ್ ಒಬ್ಬರು ಅವರನ್ನು ಮಕ್ಕಳ ಜೊತೆ ಮಾತಾಡಲು ಕರೆದರು. ಪರಿಚಯ ಮಾಡಿಕೊಡುವಾಗ, ಇವರು ಅಮೆರಿಕದ ಅಸ್ಪೃಶ್ಯರು, ಆದರೂ ಇಷ್ಟು ದೊಡ್ಡವರಾಗಿದ್ದಾರೆ ಅಂದುಬಿಟ್ಟರು. ಮೇಸ್‌ಗೆ ಗಾಬರಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ಆಮೇಲೆ ಯೋಚಿಸಿದರೆ ಹೆಡ್‌ಮಾಸ್ಟರ್ ಹೇಳಿದ್ದು ನಿಜವೇ ಅನ್ನಿಸಿತು. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಮೋರ್‌ಹೌಸ್‌ನಲ್ಲಿ ಮಂಗಳವಾರ ಬೆಳಿಗ್ಗೆ ಚಾಪೆಲ್‌ನಲ್ಲಿ ಮೇಸ್ ಮಾತಾಡುತ್ತಿದ್ದರು. 1944ರಲ್ಲಿ ಅಲ್ಲಿಗೆ ಸೇರಿದ ಕಿಂಗ್‌ಗೆ ಆಗ 15 ವರ್ಷ. ಮಾತು ಮುಗಿದ ಮೇಲೆ ಆ ಹುಡುಗ ಮೇಸ್ ಹಿಂದೆ ಹೋಗಿ, ಹೇಳಿದ್ದರ ಬಗ್ಗೆ ಚರ್ಚೆ ಮಾಡುತ್ತಿದ್ದ. ಕಾಲೇಜಿನ ಅಧ್ಯಕ್ಷರು ಒಬ್ಬ ಹುಡುಗನ ಜೊತೆ ಕೂತು ವಾದ ಮಾಡಲು ಸಮಯ ಕೊಟ್ಟರಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಅಲ್ಲಿ ಎಲ್ಲವೂ ನನಗೆ ಒಪ್ಪಿಗೆ ಅಂತಲ್ಲ. 2009ರಲ್ಲಿ ಉಡುಪಿನ ನಿಯಮ ತಂದು, ಕೆಳಗೆ ಜಾರುವ ಪ್ಯಾಂಟು, ಕ್ಯಾಂಪಸ್‌ನಲ್ಲಿ ಹೆಂಗಸರ ಉಡುಪು ಎಲ್ಲ ಬೇಡ ಅಂದರು. ಸೂಟು ಹಾಕಿದರೆ ಗೌರವ ಸಿಗುತ್ತದೆ ಅನ್ನುವ ನಂಬಿಕೆ ಅದು. ಬೀದಿಯಲ್ಲಿ ಪೊಲೀಸರು ನಿಲ್ಲಿಸುವಾಗ ಸೂಟು ಎಷ್ಟು ಕಾಪಾಡುತ್ತದೆ ಅಂತ ನನ್ನ ವಿದ್ಯಾರ್ಥಿಗಳು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಪ್ರಶ್ನೆ (ಅಟ್ಲಾಂಟಾ, ಮೊದಲು ಕೇಳಿದವರು): ಸರಿ ಮೇಡಂ, ಭಾಷಣ ಹರಿದು ಹಾಕಿದೆ. ಮೊದಲ ದಿನ ಏನು ಮಾಡಲಿ, ಅಷ್ಟು ಹೇಳಿ.

ಉತ್ತರ: ಅವರಿಗೆ ಒಂದು ನಿಜವಾದ ಕೆಲಸ ಬಿಟ್ಟುಕೊಡಿ. 1960ರ ಫೆಬ್ರುವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ಊರಿನಲ್ಲಿ, ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಪ್ರತಿಭಟಿಸಿ ಹೋಗಿ ಕೂತ ನಾಲ್ವರೂ ಕಾಲೇಜಿನ ಮೊದಲ ವರ್ಷದ ಬ್ಲ್ಯಾಕ್ ಹುಡುಗರು. ಏಪ್ರಿಲ್‌ನಲ್ಲಿ ಚಳವಳಿಯ ಹಿರಿಯ ಸಂಘಟಕಿ ಎಲ್ಲಾ ಬೇಕರ್ (Ella Baker) ಅಂಥ ವಿದ್ಯಾರ್ಥಿಗಳನ್ನು ಒಂದೆಡೆ ಸೇರಿಸಿದರು. ದೊಡ್ಡ ಸಂಘಟನೆಗಳ ಹಿರಿಯರಿಗೆ ಇವರನ್ನು ತಮ್ಮ ಯುವ ಘಟಕ ಮಾಡಿಕೊಳ್ಳುವ ಆಸೆ. ಬೇಕರ್ ಒಪ್ಪಲಿಲ್ಲ, ನಿರ್ಧಾರ ವಿದ್ಯಾರ್ಥಿಗಳದ್ದೇ ಆಗಲಿ ಅಂದರು. ಆ ವಿದ್ಯಾರ್ಥಿಗಳು ಕಟ್ಟಿಕೊಂಡ ಸಂಘಟನೆಗೆ ಮೂರು ವರ್ಷದಲ್ಲಿ, ಮುಂದೆ ಅಮೆರಿಕದ ಸಂಸದರಾದ ಜಾನ್ ಲೂಯಿಸ್ ಅಧ್ಯಕ್ಷರಾದಾಗ ಅವರ ವಯಸ್ಸು 23.

ಹಾಗಾಗಿ ಕಂಪನಿಯವರ ಹತ್ತಿರ ಕಾರ್ಯಕ್ರಮದ ಬಜೆಟ್ಟಿನಲ್ಲಿ ಒಂದು ಭಾಗ ಕೇಳಿ ಹುಡುಗರ ಕೈಗೆ ಕೊಡಿಸಿ. ಯಾವುದಕ್ಕೆ ಖರ್ಚು, ಯಾರನ್ನು ಕರೆಯಬೇಕು, ಎಲ್ಲ ಅವರೇ ತೀರ್ಮಾನಿಸಲಿ. ನಿಮಗೆ ಇಷ್ಟವಾಗದ್ದನ್ನು ತೀರ್ಮಾನಿಸಿದರೆ ಸುಮ್ನೆ ಇರಿ. ಹೆಸರು ಸರಿಯಾಗಿ ಕರೆಯುವುದನ್ನು ಮೊದಲ ದಿನವೇ ಕಲಿಯಿರಿ, ನಮ್ಮ ಹೆಸರುಗಳಿಗೆ ಇಲ್ಲಿ ಏನಾಗುತ್ತದೆ ಅಂತ ನಿಮಗೇ ಗೊತ್ತಲ್ಲ. ಅಪ್ಪ ಎಲ್ಲಿದ್ದಾರೆ ಅಂತ ಕೇಳಬೇಡಿ. ಲಿಂಕ್ಡ್‌ಇನ್‌ಗೆ ಫೋಟೊ ಹಾಕಬೇಡಿ, ಮಕ್ಕಳ ಮನೆಯವರ ಒಪ್ಪಿಗೆ ಇಲ್ಲದೆ ಅಂತೂ ಬೇಡವೇ ಬೇಡ. ಶಾಲೆಗಳು ಸಾಮಾನ್ಯವಾಗಿ ಬ್ಯಾಕ್‌ಗ್ರೌಂಡ್ ಚೆಕ್ ಕೇಳುತ್ತವೆ, ಅದಕ್ಕೆ ಸಮಯ ಹಿಡಿಯುತ್ತದೆ. ಆ ಫಾರಂ ಈ ವಾರವೇ ತುಂಬಿ ಕಳಿಸಿಬಿಡಿ.