ಸಹಾಯ ಬೇಕು: ಈ ಕಾರ್ಟ್ರಿಜ್ ನಿಜವಾಗಲೂ ಡೆನಾನ್ ಡಿಎಲ್-103ಆರ್ ಹೌದಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಒಬ್ಬರು ಬಳಸಿದ ಡೆನಾನ್ ಡಿಎಲ್-103ಆರ್ (ರೆಕಾರ್ಡ್ ಪ್ಲೇಯರ್‌ನ ಸೂಜಿ ಇರುವ ಕಾರ್ಟ್ರಿಜ್) ಮಾರುತ್ತಿದ್ದಾರೆ. ಮೂಲ ಪ್ಲಾಸ್ಟಿಕ್ ಕವಚ ತೆಗೆದು ಮರದ ಕವಚ ಹಾಕಿಸಿದ್ದಾರೆ. ಹಾಗಾಗಿ ಹೆಸರು, ಬಣ್ಣ ಯಾವುದೂ ಉಳಿದಿಲ್ಲ. ಡಬ್ಬಿ ಇದೆ, ಆದರೆ ಬರೀ ಡಬ್ಬಿ ನಂಬುವುದು ಹೇಗೆ?

ನಿನ್ನೆ ಹೋಗಿ ನೋಡಿದೆ. ಭೂತಗನ್ನಡಿಯಲ್ಲಿ ಸೂಜಿ ಚೆನ್ನಾಗಿದೆ, ಸೂಜಿ ಹಿಡಿದಿರುವ ಸಣ್ಣ ಕಡ್ಡಿ (ಕ್ಯಾಂಟಿಲಿವರ್) ನೆಟ್ಟಗಿದೆ. ಆದರೆ ಅದೇ ಸರಣಿಯ ಸಾದಾ ಡಿಎಲ್-103ಕ್ಕೂ ಈ 103ಆರ್‌ಗೂ ಸೂಜಿ ದುಂಡು ತುದಿಯದೇ. ಕವಚ ಬದಲಾಗಿರುವುದರಿಂದ ತೂಕ ನೋಡಿ ಪ್ರಯೋಜನವಿಲ್ಲ. ಔಟ್‌ಪುಟ್ ಸಾದಾ 103ಕ್ಕೆ 0.3, ಆರ್‌ಗೆ 0.25 ಮಿಲಿವೋಲ್ಟ್. ಕಿವಿಯಲ್ಲಿ ಆ ವ್ಯತ್ಯಾಸ ಹಿಡಿಯಲು ನನಗಂತೂ ಆಗಲ್ಲ.

ಕೊನೆಗೆ ಒಳಗಿನ ಕಾಯಿಲ್‌ನ (ತಂತಿ ಸುರುಳಿಯ) ರೋಧ ಅಳೆಯಲು ಮಲ್ಟಿಮೀಟರ್ ಇಟ್ಟೆ. ಮೀಟರಿನ ಕರೆಂಟ್ ಇಷ್ಟು ಸಣ್ಣ ಕಾಯಿಲ್‌ಗೆ ಒಳ್ಳೆಯದಲ್ಲ ಅಂತ ಗೊತ್ತು, ಅದಕ್ಕೇ ಒಂದೇ ಕ್ಷಣ. ಎರಡೂ ಚಾನೆಲ್‌ನಲ್ಲಿ ಸುಮಾರು 39 ಓಮ್ ಬಂತು. ಆರ್‌ಗೆ 14, ಸಾದಾ 103ಕ್ಕೆ 40 ಅಲ್ವಾ? ಮಾರುವವರು "ಮೀಟರ್ ಸರಿ ಇಲ್ಲ" ಅನ್ನುತ್ತಾರೆ. ಅದೇ ಮೀಟರಿನಲ್ಲಿ 10 ಓಮ್ ರೆಸಿಸ್ಟರ್ ಸರಿಯಾಗಿಯೇ ತೋರಿಸಿತು. ತುಂಬಾ ದಿನ ದುಡ್ಡು ಕೂಡಿಟ್ಟಿದ್ದೇನೆ, ತಪ್ಪಾಗಬಾರದು.

ನನ್ನ ಪ್ರಶ್ನೆ ಇಷ್ಟೇ: 39 ಓಮ್ ಬಂದರೆ ಇದು ಸಾದಾ 103 ಅಂತ ಖಚಿತವಾಗಿ ಹೇಳಬಹುದಾ? ಅಥವಾ ಕಾಯಿಲ್ ಮತ್ತೆ ಸುತ್ತಿಸಿದ ಆರ್ ಕೂಡ ಹೀಗೆ ತೋರಿಸುತ್ತದಾ? ಭಾನುವಾರದೊಳಗೆ ಉತ್ತರ ಕೊಡಬೇಕು.